ಕಡ ಕೊಟ್ಟ ಬೀಜ, ಕಡ ಕೊಟ್ಟ ಪುಸ್ತಕ

ಕುಣಿಗಲ್ ತಾಲೂಕಿನ ಹುತ್ರಿದುರ್ಗವನ್ನು ಇಂದು ಹತ್ತುವವರಲ್ಲಿ ಹೆಚ್ಚಿನವರು ಬೆಂಗಳೂರಿನ ಚಾರಣಿಗರು. ಭಾನುವಾರ ಮುಂಜಾನೆ ಬರುತ್ತಾರೆ. ಒಂದರ ಹಿಂದೆ ಒಂದರಂತೆ ಎದುರಾಗುವ ಕೋಟೆ ಬಾಗಿಲುಗಳನ್ನು ದಾಟಿ, ಮೇಲಿನ ಶಂಕರೇಶ್ವರ ಗುಡಿಯ ಬಳಿ ದಣಿವಾರಿಸಿಕೊಂಡು, ಬಿಸಿಲೇರುವ ಮೊದಲೇ ಇಳಿದು ಹೋಗುತ್ತಾರೆ. ಕೆಂಪೇಗೌಡರ ಕಾಲದ ಕೋಟೆ. ಸಾವನದುರ್ಗ, ಹುಲಿಯೂರುದುರ್ಗಗಳ ಜೊತೆಗೆ ನವದುರ್ಗಗಳಲ್ಲಿ ಒಂದೆಂದು ಎಣಿಕೆ. ಹೆಚ್ಚಿನವರಿಗೆ ಇಷ್ಟು ಇತಿಹಾಸ ಸಾಕು. ಆದರೆ ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದರೆ ಸಂತೆಪೇಟೆಯ ಮನೆಗಳು, ಅಲ್ಲಲ್ಲಿ ಹೊಳೆಯುವ ಸಣ್ಣ ಕೆರೆಗಳು, ರಾಗಿ ಹೊಲಗಳು, ತೆಂಗು ಮಾವಿನ ತೋಟಗಳು ಕಾಣುತ್ತವೆ. ಕೋಟೆಗಳ ಇತಿಹಾಸವನ್ನು ಬರೆದವರು ಬಹಳ ಮಂದಿ. ಕೋಟೆಯ ಕೆಳಗೆ ಜನ ಪರಸ್ಪರ ಏನನ್ನು ಕೊಟ್ಟು ಏನನ್ನು ತೆಗೆದುಕೊಂಡು ಬದುಕಿದರು ಎಂಬುದರ ಇತಿಹಾಸ ಹಾಗೆ ಒಂದೆಡೆ ಸಿಗುವುದಿಲ್ಲ. ಅದನ್ನು ಶಾಸನದಲ್ಲಿ ಒಂದು ಸಾಲು, ಕಂದಾಯದ ನಿಯಮದಲ್ಲಿ ಒಂದು ಮಾತು, ಅಡುಗೆಮನೆಯಲ್ಲಿ ಒಂದು ಪದ ಎಂದು ಹೆಕ್ಕಿ ಜೋಡಿಸಬೇಕಾಗುತ್ತದೆ.

ಕೋಟೆಯ ಕಥೆಯನ್ನು ಮೊದಲು ಮುಗಿಸಿಬಿಡೋಣ. 1791ರ ಡಿಸೆಂಬರ್ 21ರಂದು ಸಾವನದುರ್ಗ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಮೂರು ದಿನ ಕಳೆಯುವುದರೊಳಗೆ, 24ರಂದು, ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟನ ತುಕಡಿ ಹುತ್ರಿದುರ್ಗವನ್ನೂ ಹಿಡಿಯಿತು. ಇಂಗ್ಲಿಷರ ಬರಹಗಳಲ್ಲಿ ಈ ಊರು ‘ಔಟ್ರಾಡ್ರೂಗ್’ ಆಗಿದೆ. ಮರು ಫೆಬ್ರವರಿಯಲ್ಲಿ ಅದೇ ಸೈನ್ಯ ಶ್ರೀರಂಗಪಟ್ಟಣದ ಮುಂದೆ ನಿಂತಿತ್ತು. ಟಿಪ್ಪು ಸುಲ್ತಾನರು ಅರ್ಧ ರಾಜ್ಯ ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. 1799ರ ಮೇ 4ರಂದು ಪಟ್ಟಣವೂ ಬಿತ್ತು, ಸುಲ್ತಾನರೂ ಹತರಾದರು.

ಆ ಪಟ್ಟಣದ ಅರಮನೆಯಲ್ಲಿ ಒಂದು ಗ್ರಂಥಭಂಡಾರವಿತ್ತು. ಅರಬಿ, ಪಾರಸಿ, ಹಿಂದುಸ್ತಾನಿ ಭಾಷೆಗಳ ಸುಮಾರು ಎರಡು ಸಾವಿರ ಹಸ್ತಪ್ರತಿಗಳು. ಧರ್ಮಶಾಸ್ತ್ರ, ಸೂಫಿ ತತ್ವ, ಕಾವ್ಯ, ವೈದ್ಯ, ಇತಿಹಾಸ ಎಲ್ಲವೂ ಅದರಲ್ಲಿದ್ದವು. ಅನೇಕ ಪ್ರತಿಗಳಿಗೆ ಶ್ರೀರಂಗಪಟ್ಟಣದಲ್ಲೇ ಹೊಸದಾಗಿ ಚರ್ಮದ ರಟ್ಟು ಕಟ್ಟಿಸಲಾಗಿತ್ತು. ಪಟ್ಟಣ ಬಿದ್ದ ಮೇಲೆ ಅವು ಗೆದ್ದವರ ಪಾಲಾದವು. ಕೆಲವು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ, ಕೆಲವು ಏಷ್ಯಾಟಿಕ್ ಸೊಸೈಟಿಗೆ, ಕೆಲವು ಲಂಡನ್ನಿಗೆ ಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ (ಹುತ್ರಿದುರ್ಗ ಹಿಡಿದವನು ಬೇರೆ, ಇವನು ಬೇರೆ) 1809ರಲ್ಲಿ ಕೇಂಬ್ರಿಡ್ಜಿನಲ್ಲಿ ಅವುಗಳ ವಿವರಣಾತ್ಮಕ ಪಟ್ಟಿಯನ್ನು ಪ್ರಕಟಿಸಿದ. ಪಟ್ಟಿ ಉಳಿಯಿತು, ಭಂಡಾರ ಮರಳಲಿಲ್ಲ.

ಇದನ್ನು ಹೇಳುವಾಗ ನಾವು ಸಾಮಾನ್ಯವಾಗಿ ನಿಟ್ಟುಸಿರು ಬಿಟ್ಟು ನಿಲ್ಲಿಸುತ್ತೇವೆ. ಆದರೆ ಅದೇ ಸ್ಟುವರ್ಟ್ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಈ ಪುಸ್ತಕಗಳಲ್ಲಿ ಹೈದರ್ ಅಲಿಯಾಗಲಿ ಟಿಪ್ಪುವಾಗಲಿ ಕೊಂಡು ತಂದವು ತೀರಾ ಕಡಿಮೆ. ಸವಣೂರು, ಕಡಪ, ಕರ್ನಾಟಿಕ್ ನವಾಬರ ಸೀಮೆಗಳಿಂದ ಯುದ್ಧದಲ್ಲಿ ಬಂದವೇ ಹೆಚ್ಚು. ಅಂದರೆ ಒಂದು ಅರಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ. ಸ್ಟುವರ್ಟ್ ಗೆದ್ದವರ ಕಡೆಯವನು, ಅವನ ಮಾತನ್ನು ಎಚ್ಚರದಿಂದಲೇ ಓದಬೇಕು ನಿಜ. ಆದರೂ ಅರಮನೆಯ ಭಂಡಾರಗಳ ಸ್ವಭಾವವೇ ಹಾಗೆ ಎಂಬುದನ್ನು ಒಪ್ಪದೆ ವಿಧಿಯಿಲ್ಲ. ಒಂದೇ ಕಡೆ ಕೂಡಿಟ್ಟದ್ದನ್ನು ಒಂದೇ ದಿನದಲ್ಲಿ ಹೊತ್ತೊಯ್ಯಬಹುದು.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸವನ್ನು ನೋಡಿದವರಿಗೆ ಅದರ ಮುರಿದ ಮುಂಭಾಗ ನೆನಪಿರುತ್ತದೆ. ಅಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಇತಿಹಾಸಕಾರರು ಬರೆದಿದ್ದಾರೆ. ಔರಂಗಜೇಬನ ಕಾಲದಲ್ಲಿ, ಹದಿನೇಳನೆಯ ಶತಮಾನದ ಕೊನೆಗೆ, ಅಲ್ಲಿ ಆದ ಸ್ಫೋಟಕ್ಕೆ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಗ್ರಂಥಗಳ ಕುರುಹಿಲ್ಲ. ಇದಕ್ಕೆ ಎದುರಾಗಿ ಇನ್ನೂ ಐನೂರು ವರ್ಷ ಹಿಂದಿನ, ನಮ್ಮದೇ ನಾಡಿನ ಒಂದು ಉದಾಹರಣೆಯನ್ನು ಇಟ್ಟು ನೋಡಿ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲ. ಒಂದೊಂದು ಓಲೆಗರಿಯನ್ನೂ ಕಂಟದಿಂದ ಕೊರೆಯಬೇಕು. ಅಷ್ಟು ಖರ್ಚು ಮಾಡಿ ಆಕೆ ಭಂಡಾರ ಕಟ್ಟಿಸಲಿಲ್ಲ, ಹಂಚಿಬಿಟ್ಟಳು. ‘ಶಾಂತಿಪುರಾಣ’ ಇಂದಿಗೂ ನಮ್ಮ ಕೈಯಲ್ಲಿದೆ.

ಹಂಚುವುದು ಒಂದು ಬಗೆ, ಎರವಲು ಕೊಡುವುದು ಇನ್ನೊಂದು ಬಗೆ. ಎರವಲಿನ ಬಗ್ಗೆ ನನಗೆ ಬಹಳ ಇಷ್ಟವಾದ ಸಾಕ್ಷ್ಯ ದೂರದ ಮರ್ವ್ ನಗರದ್ದು, ಇಂದಿನ ತುರ್ಕ್‌ಮೆನಿಸ್ತಾನದಲ್ಲಿದೆ. ಭೂಗೋಳಕಾರ ಯಾಕೂತ್ ಅಲ್ ಹಮವಿ ಹದಿಮೂರನೆಯ ಶತಮಾನದ ಆರಂಭದಲ್ಲಿ ಅಲ್ಲಿ ಕೆಲಕಾಲ ಇದ್ದ. ಯಾಕೂತ್ ಗುಲಾಮನಾಗಿ ಮಾರಾಟವಾಗಿ, ಮುಂದೆ ಬಿಡುಗಡೆ ಪಡೆದು, ನಕಲು ಬರೆದು, ಪುಸ್ತಕ ಮಾರಿ ಬದುಕಿದವನು. ಆ ಊರಿನಲ್ಲಿ ವಕ್ಫ್ ಆಗಿ ಬಿಟ್ಟ ಹತ್ತು ಗ್ರಂಥಾಲಯಗಳಿದ್ದವಂತೆ. ತನ್ನ ಮನೆಯಲ್ಲಿ ಯಾವಾಗಲೂ ಇನ್ನೂರು ಅಥವಾ ಅದಕ್ಕೂ ಹೆಚ್ಚು ಸಂಪುಟಗಳಿರುತ್ತಿದ್ದವು, ಹೆಚ್ಚಿನವಕ್ಕೆ ಒತ್ತೆ ಇಡಬೇಕಾಗಿರಲಿಲ್ಲ ಎಂದು ಅವನು ಬರೆಯುತ್ತಾನೆ. ಮಂಗೋಲರ ದಂಡು ಬರುತ್ತಿದೆ ಎಂದು ತಿಳಿದು ಅವನು ಅಲ್ಲಿಂದ ಓಡಬೇಕಾಯಿತು. 1221ರಲ್ಲಿ ಮರ್ವ್ ಹಾಳಾಯಿತು. ಆದರೆ ಆ ಇನ್ನೂರು ಸಂಪುಟಗಳಿಂದ ಅವನು ಟಿಪ್ಪಣಿ ಮಾಡಿಕೊಂಡದ್ದು ಅವನ ‘ಮುಅಜಮುಲ್ ಬುಲ್ದಾನ್’ ಎಂಬ ಬೃಹತ್ ಭೂಗೋಳ ಕೋಶದೊಳಗೆ ಸೇರಿತು. ಮರ್ವ್‌ನ ಗ್ರಂಥಾಲಯಗಳಲ್ಲಿ ಏನಾದರೂ ಉಳಿದಿದ್ದರೆ, ಅದು ಎರವಲು ತೆಗೆದುಕೊಂಡು ಹೋದವನೊಬ್ಬನ ಚೀಲದಲ್ಲಿ ಉಳಿದದ್ದು.

ಈಗ ಹುತ್ರಿದುರ್ಗದ ಕೆಳಗಿನ ಊರುಗಳಿಗೆ ಬರೋಣ. ಅಲ್ಲಿ ಪುಸ್ತಕ ಇರಲಿಲ್ಲ, ಇದ್ದರೂ ಕೆಲವೇ ಮನೆಗಳಲ್ಲಿ. ಆದರೆ ತರುವುದು, ಬಳಸುವುದು, ಹಿಂದಿರುಗಿಸುವುದು ಎಂಬ ವ್ಯವಹಾರ ಮಾತ್ರ ಗಟ್ಟಿಯಾಗಿ ಇತ್ತು. ನಮ್ಮ ಸೀಮೆಯಲ್ಲಿ ಇದಕ್ಕೆ ‘ಕಡ’ ಎನ್ನುತ್ತಾರೆ. ಸಾಲ ಬೇರೆ, ಕಡ ಬೇರೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ಸಾಹುಕಾರನಿದ್ದಾನೆ. ಕಡಕ್ಕೆ ಇರುವುದು ಪಕ್ಕದ ಮನೆ ಮಾತ್ರ. ಒಂದು ಸೇರು ರಾಗಿ ಹಿಟ್ಟು, ಒಂದು ಬಟ್ಟಲು ಎಣ್ಣೆ, ಒಂದು ಹಿಡಿ ಅವರೆ ಬೀಜ, ಒಂದು ದಿನದ ಮಟ್ಟಿಗೆ ಗುದ್ದಲಿ. ದುಡಿಮೆಯೂ ಹೀಗೆಯೇ ಕೈ ಬದಲಾಯಿಸುತ್ತಿತ್ತು, ಅದು ಮುಯ್ಯಿ. ಇವತ್ತು ನಿಮ್ಮ ಹೊಲದ ಕಳೆ ಕೀಳಲು ನಾವು, ನಾಳೆ ನಮ್ಮ ಹೊಲಕ್ಕೆ ನೀವು.

ಮುಸ್ಲಿಂ ಓದುಗರಿಗೆ ಇಲ್ಲಿ ಕುರ್‌ಆನಿನ 107ನೆಯ ಅಧ್ಯಾಯದ ಹೆಸರು ನೆನಪಾಗಬಹುದು: ಅಲ್ ಮಾಊನ್. ಆ ಪದದ ಅರ್ಥವನ್ನು ವಿವರಿಸುವಾಗ ಅನೇಕ ವ್ಯಾಖ್ಯಾನಕಾರರು ದೊಡ್ಡ ದಾನಗಳ ಪಟ್ಟಿ ಕೊಡುವುದಿಲ್ಲ. ಅಡುಗೆಯ ಪಾತ್ರೆ, ನೀರು ಸೇದುವ ಕೊಡ, ಕೊಡಲಿ ಎನ್ನುತ್ತಾರೆ. ನೆರೆಯವರು ಎರವಲು ಕೇಳುವ, ಕೊಟ್ಟರೆ ನಮಗೇನೂ ನಷ್ಟವಾಗದ ವಸ್ತುಗಳು. ನಮಾಝಿನ ತೋರಿಕೆಯ ಬಗ್ಗೆ ಖಂಡಿಸಿದ ಅಧ್ಯಾಯವೇ ಇಂಥ ಸಣ್ಣ ವಸ್ತುಗಳನ್ನು ತಡೆಹಿಡಿಯುವವರ ಬಗ್ಗೆಯೂ ಹೇಳುತ್ತದೆ. ಕುಣಿಗಲ್ಲಿನ ಹಳ್ಳಿಯ ಅಡುಗೆಮನೆಗೂ ಮಕ್ಕೆಯ ಮನೆಗಳಿಗೂ ಇದಕ್ಕಿಂತ ಹತ್ತಿರದ ಸಂಬಂಧ ಬೇಕೆ?

ಮದುವೆಯ ಪಾತ್ರೆಗಳನ್ನು ನೆನಪಿಸಿಕೊಳ್ಳಿ. ಐವತ್ತು ಜನಕ್ಕೆ ಅನ್ನ ಮಾಡುವ ಕೊಪ್ಪರಿಗೆ ಒಂದು ಮನೆಗೆ ವರ್ಷದಲ್ಲಿ ಎಷ್ಟು ಸಲ ಬೇಕು? ಹಾಗಾಗಿ ದೇವಸ್ಥಾನದಲ್ಲಿ ಊರಿನ ಪಾತ್ರೆ ಇರುತ್ತಿತ್ತು, ಮಸೀದಿಯ ಜಮಾಅತಿನಲ್ಲಿ ದೇಗುಗಳು, ಜಮಖಾನೆಗಳು ಇರುತ್ತಿದ್ದವು. ಕೊಟ್ಟವರ ಹೆಸರು ಪಾತ್ರೆಯ ಕಂಠದ ಮೇಲೆ ಕೆತ್ತಿರುತ್ತಿತ್ತು. ಒಯ್ದವರು ತಿಕ್ಕಿ ತೊಳೆದು ತರಬೇಕು, ಎಣಿಸಿ ಒಪ್ಪಿಸಬೇಕು. ಒಂದು ಸೌಟು ಕಡಿಮೆಯಾದರೆ ಅದರ ಮಾತು ಮುಂದಿನ ಮೂರು ಮದುವೆಗಳವರೆಗೆ ನಡೆಯುತ್ತಿತ್ತು. ಗ್ರಂಥಾಲಯದ ನಿಯಮಾವಳಿಗೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ. ಶಾಮಿಯಾನದ ಅಂಗಡಿಗಳು ಬಂದ ಮೇಲೆ ಆ ಕೊಪ್ಪರಿಗೆಗಳು ಎಷ್ಟೋ ಕಡೆ ಮೂಲೆ ಸೇರಿವೆ, ಕೆಲವು ಕಡೆ ಗುಜರಿಗೂ ಹೋಗಿವೆ.

ದೊಡ್ಡ ಉಪಕರಣಗಳಿಗೂ ಇಂಥ ವ್ಯವಸ್ಥೆಯಿತ್ತು ಎನ್ನಲು ಶಾಸನಗಳೇ ಸಾಕ್ಷಿ. ವಿಜಯನಗರದ ಕಾಲದ ಕನ್ನಡ ಶಾಸನಗಳಲ್ಲಿ ಕೆರೆಯ ಹೂಳು ಸಾಗಿಸುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಬಂಡಿಯವನ ಜೀವನಕ್ಕೆ ಭೂಮಿ ಬಿಟ್ಟ ಉಲ್ಲೇಖಗಳು ಬರುತ್ತವೆ. ಕೆರೆ ಕಟ್ಟಿದವನಿಗೂ ಅದನ್ನು ಕಾಪಾಡುವವನಿಗೂ ಕೊಟ್ಟ ಭೂಮಿ ಕೊಡಗಿ ಅಥವಾ ಕಟ್ಟುಕೊಡಗಿ. ಬಿತ್ತುವಟ್ಟ ಎಂಬ ಹೆಸರೂ ಇದೆ. ಬಂಡಿ ಯಾರದ್ದೂ ಅಲ್ಲ, ಕೆರೆಯದ್ದು. ಆ ಬಂಡಿಯ ಕೆಲಸದಿಂದ ಎರಡು ಲಾಭ. ಕೆರೆಗೆ ಆಳ ಬರುತ್ತಿತ್ತು, ಹೂಳು ಹಿತ್ತಲಿಗೂ ಹೊಲಕ್ಕೂ ಗೊಬ್ಬರವಾಗುತ್ತಿತ್ತು. ಕುಣಿಗಲ್ಲಿನ ದೊಡ್ಡ ಕೆರೆಯನ್ನು ಹಾಡಿನಲ್ಲಿ ಹೊಗಳುವ ನಮಗೆ, ಹೂಳೆತ್ತುತ್ತಿದ್ದ ಕೋಣಗಳ ಮೇಲೆ ಯಾರಾದರೂ ಹಾಡು ಕಟ್ಟಬಾರದಿತ್ತೆ ಅನ್ನಿಸುವುದುಂಟು.

ಹಾಗೆಂದು ಹಳೆಯ ಊರನ್ನು ಸ್ವರ್ಗವೆಂದು ಚಿತ್ರಿಸುವುದು ಸುಳ್ಳಾಗುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣದಲ್ಲಿ ರಾಶಿ ಹಂಚುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದೇವರ ಪಾಲು, ಶಾನುಭೋಗನ ಪಾಲು, ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತೋಟಿ, ನೀರಗಂಟಿ ಎಂದು ಅಳತೆ ನಡೆಯುತ್ತದೆ. ಕಮ್ಮಾರನ ಕುಲುಮೆ ಊರಿನ ಎಲ್ಲರ ನೇಗಿಲಿಗೂ ಕುಡುಗೋಲಿಗೂ ತೆರೆದಿರುತ್ತಿತ್ತು, ಕೂಲಿ ಸುಗ್ಗಿಯಲ್ಲಿ. ನೋಡಲು ಚೆನ್ನ. ಆದರೆ ಕೆರೆಯ ತೂಬನ್ನು ಎತ್ತಿ ಇಳಿಸಿ ಎಲ್ಲರ ಗದ್ದೆಗೂ ನೀರು ಹಾಯಿಸುತ್ತಿದ್ದ ನೀರಗಂಟಿ ಎಷ್ಟೋ ಊರುಗಳಲ್ಲಿ ದಲಿತನಾಗಿದ್ದ; ಊರ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕು ಅವನ ಮನೆಯವರಿಗೆ ಇರಲಿಲ್ಲ. ‘ಎಲ್ಲರದ್ದು’ ಎಂಬ ಮಾತಿನಲ್ಲಿ ಎಲ್ಲರೂ ಸೇರಿರಲಿಲ್ಲ. 1927ರಲ್ಲಿ ಅಂಬೇಡ್ಕರ್ ಅವರು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಈ ಸುಳ್ಳನ್ನು ಬಯಲಿಗೆಳೆಯುವುದಕ್ಕಾಗಿ.

ಆಮೇಲೆ ಏನಾಯಿತು? ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಬಂತು, ದೊಡ್ಡ ಕೆರೆಗಳ ಕೆಲಸ ಸರಕಾರದ್ದಾಯಿತು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿತು. ತೋಟಿ, ತಳವಾರ, ನೀರಗಂಟಿಗಳು ಹುಟ್ಟಿನಿಂದ ಹೊರುತ್ತಿದ್ದ ನೊಗ ಕಳಚಿತು. ಇದು ಆಗಲೇಬೇಕಿದ್ದ ನ್ಯಾಯ. ಆದರೆ ಅವರು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯನ್ನು ಊರಿನ ಉಳಿದವರು ಕೇಳಿಕೊಳ್ಳಲಿಲ್ಲ. ಶತಮಾನಗಳ ಕಾಲ ಒಬ್ಬನ ಬೆನ್ನ ಮೇಲೆ ಹೇರಿದ್ದನ್ನು ಸರದಿಯಲ್ಲಿ ಹೊರಲು ಯಾರೂ ಮುಂದಾಗಲಿಲ್ಲ. ತೂಬುಗಳು ಕಟ್ಟಿಕೊಂಡವು, ಕೊಳವೆ ಬಾವಿಗಳು ಬಂದವು. ನಮ್ಮಲ್ಲಿ ಕೆರೆ ಸತ್ತದ್ದು ಮಳೆ ಇಲ್ಲದೆ ಮಾತ್ರವಲ್ಲ ಎಂಬುದು ನನ್ನ ಅಭಿಪ್ರಾಯ.

ಈ ನೀರಿನ ಕಥೆಗೆ ಹೋಲಿಸಿದರೆ ಪುಸ್ತಕದ ಕಥೆ ಒಂದು ವಿಷಯದಲ್ಲಿ ಮೇಲು. ಸಾರ್ವಜನಿಕ ಗ್ರಂಥಾಲಯದ ಬಾಗಿಲು ಕಾನೂನಿನ ಪ್ರಕಾರವೇ ಎಲ್ಲರಿಗೂ ತೆರೆದದ್ದು. ಎಸ್. ಆರ್. ರಂಗನಾಥನ್ ಅವರಂಥವರು ಗ್ರಂಥಾಲಯಕ್ಕೂ ಶಾಸನದ ಬಲ ಬೇಕೆಂದು ದಶಕಗಳ ಕಾಲ ವಾದಿಸಿದ್ದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಅದರ ವಿಶೇಷವೇನೆಂದರೆ ಅದು ದಾನಿಗಳನ್ನು ಕಾಯುತ್ತ ಕೂರಲಿಲ್ಲ. ಮನೆ ಮತ್ತು ನಿವೇಶನದ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿತು. ನಿಮ್ಮ ಮನೆ ಕಂದಾಯದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರವೂ ಇರುತ್ತದೆ, ತೆರಿಗೆಯ ನೂರು ರೂಪಾಯಿಗೆ ಆರು. ಗ್ರಂಥಾಲಯದ ಮೆಟ್ಟಿಲನ್ನೇ ಹತ್ತದವರೂ ತಮ್ಮ ಮನೆಯ ಗೋಡೆಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಪಾಲು ಕೊಟ್ಟಿದ್ದಾರೆ. ಸಂಗ್ರಹಿಸಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಪ್ರಾಧಿಕಾರಗಳಿಗೆ ಸರಿಯಾಗಿ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ಹಳೆಯದು. ಕಡ ತಂದು ಕೊಡದವರು ಮನೆಗಳಲ್ಲಷ್ಟೇ ಇರುವುದಿಲ್ಲ ನೋಡಿ!

ಹಳ್ಳಿಯ ಗ್ರಂಥಾಲಯಗಳು ಬಹುಕಾಲ ಒಂದು ಕೋಣೆ, ಎರಡು ಬೆಂಚು, ನಿನ್ನೆಯ ಪತ್ರಿಕೆ ಎಂಬ ಸ್ಥಿತಿಯಲ್ಲಿದ್ದವು. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಶಾಲೆಗಳೆಲ್ಲ ಮುಚ್ಚಿದ್ದ ಕೊರೋನಾ ಕಾಲದಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ನಡೆಯಿತು. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರು ಹೊತ್ತಿವೆ. ಎಲ್ಲವೂ ಒಂದೇ ಮಟ್ಟದಲ್ಲಿವೆ ಎಂದಲ್ಲ. ಆದರೆ ಬಣ್ಣ ಬಳಿದು, ನೆಲಕ್ಕೆ ಚಾಪೆ ಹಾಸಿ, ಮಕ್ಕಳ ಎತ್ತರಕ್ಕೆ ಕಪಾಟು ಇಟ್ಟಿರುವ ಕೇಂದ್ರವನ್ನು ಕಂಡಾಗ ಸಂತೋಷವಾಗುತ್ತದೆ.

ಸರಕಾರದ ಕೈ ತಲುಪದ ಕಡೆ ಒಬ್ಬೊಬ್ಬರೇ ಮಾಡಿದ್ದೂ ಇದೆ. ಮೈಸೂರಿನ ರಾಜೀವ್ ನಗರದ ಸೈಯದ್ ಇಸಾಕ್ ಅವರ ಹೆಸರನ್ನು ಓದುಗರು ಮರೆತಿರಲಾರರು. ಕೂಲಿ ಕೆಲಸ ಮಾಡಿ ಬದುಕಿದ ಮನುಷ್ಯ. ಬಾಲ್ಯದಲ್ಲಿ ಶಾಲೆಯ ಓದು ದಕ್ಕಲಿಲ್ಲ. ತನಗೆ ಸಿಗದದ್ದು ಬಡಾವಣೆಯ ಮಕ್ಕಳಿಗೆ ಸಿಗಲೆಂದು ಒಂದು ಗ್ರಂಥಾಲಯ ಕಟ್ಟಿದರು. ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು. ಭಗವದ್ಗೀತೆ, ಕುರ್‌ಆನ್, ಬೈಬಲ್ ಪ್ರತಿಗಳೂ ಇದ್ದವು. ತನ್ನ ಕೂಲಿಯ ಹಣದಲ್ಲೇ ದಿನಪತ್ರಿಕೆಗಳನ್ನು ತರಿಸುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಹನ್ನೊಂದು ಸಾವಿರದಷ್ಟು ಪುಸ್ತಕಗಳು ಬೆಂಕಿಗೆ ಆಹುತಿಯಾದವು. ನಾಡಿನ ಮೂಲೆಮೂಲೆಯಿಂದ ಜನ ಪುಸ್ತಕ ಕಳಿಸಲು, ನೆರವು ನೀಡಲು ಮುಂದಾದರು. ಇಲ್ಲಿ ನನ್ನ ವಾದಕ್ಕೇ ಒಂದು ಪೆಟ್ಟು ಬೀಳುತ್ತದೆ ಎಂಬುದನ್ನು ಒಪ್ಪುತ್ತೇನೆ. ಅರಮನೆಯ ಭಂಡಾರದಂತೆ ಬಡವನ ತೆರೆದ ಗ್ರಂಥಾಲಯವೂ ಒಂದೇ ರಾತ್ರಿಯಲ್ಲಿ ಇಲ್ಲವಾಗಬಹುದು. ವ್ಯತ್ಯಾಸ ಆ ಬಳಿಕದ್ದು. ಶ್ರೀರಂಗಪಟ್ಟಣದ ಪುಸ್ತಕಗಳು ಹೋದಾಗ ‘ನಮ್ಮದು ಹೋಯಿತು’ ಎನ್ನಲು ಊರಿನಲ್ಲಿ ಅವನ್ನು ಓದಿದವರು ಎಷ್ಟು ಮಂದಿ ಇದ್ದಿರಬಹುದು? ರಾಜೀವ್ ನಗರದಲ್ಲಿ ಹಾಗೆನ್ನುವವರು ದಿನವೂ ಅಲ್ಲಿ ಬಂದು ಕೂರುತ್ತಿದ್ದವರು.

ಬೀಜದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಹುತ್ರಿದುರ್ಗದ ಸೀಮೆಯಲ್ಲಿ ಅದೇ ಮೊದಲ ಪುಸ್ತಕ. ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ, ಒಳಗೆ ಹುಲ್ಲಿನ ಹೊದಿಕೆ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ದಂಡು ಹಾದುಹೋಗುವ ಕಾಲದಲ್ಲಿ ನೆಲದ ಮೇಲಿನ ಕಣಜಕ್ಕಿಂತ ನೆಲದೊಳಗಿನ ಹಗೇವು ಸುರಕ್ಷಿತ. ತೆಗೆಯುವಾಗ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿಯೇ ಆಳನ್ನು ಇಳಿಸಬೇಕು. ಆತುರಪಟ್ಟು ಇಳಿದು ಉಸಿರುಗಟ್ಟಿ ಸತ್ತವರಿದ್ದಾರೆ. ಬಿತ್ತನೆಯ ಬೀಜ ಮಾತ್ರ ಮನೆಯೊಳಗೆ, ಹೆಂಗಸರ ಕೈಯಲ್ಲಿ. ಬೂದಿ ಬೆರೆಸಿದ ಅ‌ವರೆ, ಬೇವಿನ ಸೊಪ್ಪಿನ ನಡುವೆ ತೊಗರಿ, ಒಣಗಿದ ಸೋರೆ ಬುರುಡೆಯಲ್ಲಿ ಸೊಪ್ಪಿನ ಬೀಜ, ಒಲೆಯ ಮೇಲಿನ ಹೊಗೆಗೆ ತೂಗುಬಿಟ್ಟ ಜೋಳದ ತೆನೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಎಲ್ಲ ಬೇಕು. ಒಂದು ಮನೆಯಲ್ಲಿ ಒಂದು ವರ್ಷ ಹುಳ ಬಿದ್ದರೆ ಇನ್ನೊಂದು ಮನೆಯಿಂದ ಕಡ ಬರಬೇಕು. ಹೀಗಾಗಿ ಯಾವ ತಳಿಯೂ ಒಂದೇ ಮನೆಯಲ್ಲಿ ಇರುತ್ತಿರಲಿಲ್ಲ.

ಸುಧಾರಿತ ತಳಿಗಳು ಬಂದು ಇದನ್ನೆಲ್ಲ ಹಾಳುಮಾಡಿದವು ಎಂದು ಸಾರಾಸಗಟಾಗಿ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಮಂಡ್ಯದಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ನವರು ಆಫ್ರಿಕಾದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಹಸಿದ ಮನೆಗಳಿಗೆ ಹೆಚ್ಚು ರಾಗಿ ಬಂತು. ರಾಗಿ ತನ್ನ ಹೂವಿನಲ್ಲೇ ತಾನು ಕಾಳುಕಟ್ಟುವ ಬೆಳೆ. ಆದ್ದರಿಂದ ಆ ಬೀಜವನ್ನೂ ರೈತ ಎತ್ತಿಟ್ಟು ನೆರೆಯವನಿಗೆ ಕೊಡಬಹುದಿತ್ತು, ಕೊಟ್ಟರು ಕೂಡ. ತೊಂದರೆ ಬಂದದ್ದು ವರ್ಷವೂ ಅಂಗಡಿಯಿಂದಲೇ ತರಬೇಕಾದ ಹೈಬ್ರಿಡ್ ಪೊಟ್ಟಣಗಳಿಂದ. ಮೆಕ್ಕೆಜೋಳ, ಟೊಮೆಟೊ ಬೆಳೆದವನು ಎತ್ತಿಟ್ಟ ಬೀಜ ಮುಂದಿನ ವರ್ಷ ಅದೇ ಫಸಲು ಕೊಡುವುದಿಲ್ಲ. ಕಡ ಕೊಡಲು ಏನೂ ಉಳಿಯದಾಗ ಕಡದ ಬಳಕೆಯೂ ನಿಲ್ಲುತ್ತದೆ.

ಇದನ್ನು ಮತ್ತೆ ಕಟ್ಟುವ ಪ್ರಯತ್ನಗಳು 1990ರ ದಶಕದಿಂದೀಚೆಗೆ ನಡೆದಿವೆ. ಕನಕಪುರದ ಕಡೆ ವನಜಾ ರಾಮಪ್ರಸಾದ್ ಅವರ ಗ್ರೀನ್ ಫೌಂಡೇಶನ್ ಹಳ್ಳಿಯ ಹೆಂಗಸರ ಗುಂಪುಗಳೊಂದಿಗೆ ಸಮುದಾಯ ಬೀಜ ಬ್ಯಾಂಕುಗಳನ್ನು ಬೆಳೆಸಿತು. ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಅವರ ಮುಂದಾಳ್ತನದಲ್ಲಿ ಶುರುವಾದ ‘ವನಸ್ತ್ರೀ’ ಮಲೆನಾಡಿನ ಕೈತೋಟದ ಬೀಜಗಳನ್ನೇ ಹಿಡಿದುಕೊಂಡಿತು: ಸೌತೆ, ಹೀರೆ, ಬದನೆ, ಅವರೆ, ಗಡ್ಡೆಗೆಣಸು. ಕೈತೋಟದ ಬೀಜ ಉಳಿಸುವುದು ರಾಗಿಯಷ್ಟು ಸುಲಭವಲ್ಲ. ಕುಂಬಳ, ಸೌತೆ, ಹೀರೆಗಳಲ್ಲಿ ಜೇನ್ನೊಣ ಪಕ್ಕದ ಮನೆಯ ಪರಾಗವನ್ನು ತಂದು ಬೆರೆಸಿಬಿಡುತ್ತದೆ. ಆದ್ದರಿಂದ ಯಾರ ಹಿತ್ತಲಲ್ಲಿ ಯಾವ ಬೀಜ ಎಂದು ನೆರೆಯವರು ಮಾತಾಡಿಕೊಳ್ಳಲೇಬೇಕು.

ಇಂಥ ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಒಯ್ದವರು ಸುಗ್ಗಿಯಲ್ಲಿ ಎರಡು ಪಾಲು ತಂದು ಹಾಕುತ್ತಾರೆ. ಇದು ಬಡ್ಡಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಧರ್ಮಶಾಸ್ತ್ರದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಲೆಕ್ಕವನ್ನಷ್ಟೇ ಮುಂದಿಡುತ್ತೇನೆ. ಒಂದು ಎಕರೆ ರಾಗಿಗೆ ನಾಲ್ಕೈದು ಕಿಲೋ ಬಿತ್ತನೆ ಸಾಕು, ಬೆಳೆ ಕ್ವಿಂಟಾಲುಗಟ್ಟಲೆ. ಹಿಂದಿರುಗುವ ಎರಡನೆಯ ಪಾಲು ಯಾವ ಸಾಹುಕಾರನ ಮನೆಗೂ ಹೋಗುವುದಿಲ್ಲ. ಅದು ಮುಂದಿನ ವರ್ಷ ಸಾಲಿನಲ್ಲಿ ನಿಲ್ಲುವ ಹೊಸ ಮನೆಗೆ. ಕಾನೂನೂ ಇದರ ಪರವಾಗಿದೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕೇಂದ್ರ ಕಾಯಿದೆಯ 39ನೆಯ ಕಲಮು, ಬೀಜವನ್ನು ಉಳಿಸಿ, ಬಿತ್ತಿ, ಬದಲಾಯಿಸಿ, ಹಂಚಿ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಕಂಪನಿಯ ಹೆಸರಿನ ಪೊಟ್ಟಣದಲ್ಲಿ ಮಾರುವಂತಿಲ್ಲ, ಅಷ್ಟೆ. ಅಮೆರಿಕದಲ್ಲಿ ಇದಕ್ಕೂ ಜಗಳವಾಗಿತ್ತು. ಅಲ್ಲಿನ ಬರ್ಕ್‌ಲಿ ನಗರದ ಸಾರ್ವಜನಿಕ ಗ್ರಂಥಾಲಯ 1979ರಿಂದ ಗರಗಸ, ಏಣಿ, ಗುದ್ದಲಿಗಳನ್ನು ಪುಸ್ತಕದಂತೆ ಎರವಲು ಕೊಡುತ್ತಿದೆ. ಬೇರೆ ಊರುಗಳ ಗ್ರಂಥಾಲಯಗಳು ಬೀಜದ ಕಪಾಟು ಇಟ್ಟವು. 2014ರಲ್ಲಿ ಪೆನ್ಸಿಲ್ವೇನಿಯಾದ ಕೃಷಿ ಇಲಾಖೆ ಅಂಥ ಒಂದು ಕಪಾಟಿಗೆ ಬೀಜ ಕಾಯಿದೆಯನ್ನು ತೋರಿಸಿ ಅಡ್ಡಿ ಮಾಡಿತು, ಎರಡು ವರ್ಷಗಳ ಮೇಲೆ ಪಟ್ಟು ಸಡಿಲಿಸಿತು. ನಮ್ಮ ಅರಿವು ಕೇಂದ್ರಗಳ ಕಪಾಟಿನಲ್ಲಿ ಅವರೆ ಬೀಜದ ಡಬ್ಬಿಗೆ ಒಂದು ಗೂಡು ಕೊಡಲು ಅಂಥ ತೊಡಕೂ ಇಲ್ಲ. ಹುತ್ರಿದುರ್ಗ ಹೋಬಳಿಯ ಊರುಗಳಿಂದಲೇ ಅದು ಶುರುವಾಗಲಿ ಎಂದು ನನ್ನ ಆಸೆ.

ಕೊನೆಗೆ ಟಿಪ್ಪುವಿನ ಇನ್ನೊಂದು ಭಂಡಾರದ ಮಾತು. ಹುತ್ರಿದುರ್ಗ ಬಿದ್ದ ಮರುವರ್ಷ, 1792ರಲ್ಲಿ, ಟಿಪ್ಪುವಿನ ಕಂದಾಯ ನಿಯಮಾವಳಿಯ ಇಂಗ್ಲಿಷ್ ಅನುವಾದ ಕಲ್ಕತ್ತೆಯಲ್ಲಿ ಅಚ್ಚಾಯಿತು. ತಪ್ಪು ಮಾಡಿದ ರೈತನಿಂದ ದಂಡದ ಹಣ ವಸೂಲು ಮಾಡುವ ಬದಲು ಅವನಿಂದ ಊರ ಮುಂದೆ ಎರಡು ಮಾವು, ಎರಡು ಬಾದಾಮಿ ಗಿಡ ನೆಡಿಸಿ, ಅವು ಎದ್ದು ನಿಲ್ಲುವವರೆಗೆ ನೀರೆರೆಸಬೇಕೆಂಬ ನಿಯಮ ಅದರಲ್ಲಿದೆ. ನಮ್ಮ ಊರುಗಳ ಗುಂಡುತೋಪುಗಳ ನೆರಳಿನಲ್ಲಿ ಇಂಥ ದಂಡದ ಗಿಡಗಳೂ ಸೇರಿದ್ದಿರಬಹುದು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ‘ಬಡಾ ಬಾಗ್’ ಎಂಬ ಮಾವಿನ ತೋಪಿದೆ. ಟಿಪ್ಪು ಕಾಲದಲ್ಲಿ ಇನಾಮಾಗಿ ಬಂದದ್ದೆಂದು ಮನೆತನದವರ ಹೇಳಿಕೆ. ಆ ಮನೆಯ ಸೈಯದ್ ಘನಿ ಖಾನ್ ಪುರಾತತ್ವ, ವಸ್ತುಸಂಗ್ರಹಾಲಯ ಶಾಸ್ತ್ರ ಓದಿ ಮ್ಯೂಸಿಯಮ್ಮಿನ ಕೆಲಸದ ಕನಸು ಕಂಡವರು. ಮನೆಯ ಜವಾಬ್ದಾರಿ ಅವರನ್ನು ಹೊಲಕ್ಕೆ ಕರೆತಂತು. ಅವರು ಹೊಲವನ್ನೇ ಮ್ಯೂಸಿಯಂ ಮಾಡಿದರು. ಎಂಟುನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕೂಡಿಸಿ, ವರ್ಷವೂ ಬಿತ್ತಿ, ಬೇರೆ ರೈತರಿಗೂ ಬೀಜ ಕೊಡುತ್ತ ಬಂದಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಭತ್ತ ಕೆಲವೇ ವರ್ಷಗಳಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು.

ಬಡಾ ಬಾಗಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವುಗಳಿವೆ. ಒಂದರಲ್ಲಿ ಜೀರಿಗೆಯ ವಾಸನೆ, ಒಂದರಲ್ಲಿ ಮೋಸಂಬಿಯ ರುಚಿ. ಮಾವಿನ ಓಟೆ ನೆಟ್ಟರೆ ತಾಯಿ ಮರದ ರುಚಿಯೇ ಬರುತ್ತದೆಂಬ ಭರವಸೆಯಿಲ್ಲ. ಒಂದು ಮರ ಒಣಗಿದರೆ ಆ ರುಚಿಯೂ ಅಲ್ಲಿಗೆ ಮುಗಿಯಿತು, ಅದರ ಕಸಿ ಕಡ್ಡಿಯನ್ನು ಯಾರಾದರೂ ಮೊದಲೇ ಒಯ್ದು ತಮ್ಮ ಹಿತ್ತಲಿನ ಸಸಿಗೆ ಕಟ್ಟಿರದಿದ್ದರೆ. ಕಸಿ ಕಟ್ಟಲು ಮಳೆ ಹಿಡಿದ ದಿನಗಳು ಒಳ್ಳೆಯವು. ಚೂರಿ ಹರಿತವಿರಬೇಕು, ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿರಬೇಕು, ಕಟ್ಟಿದ ಜಾಗಕ್ಕೆ ನೀರು ಇಳಿಯಬಾರದು.